ಕಣ್ಣೆವೆಗೆ ಕತ್ತರಿ

ನಳದಮಯಂತಿಯರ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಸ್ವಯಂವರ ಮಂಟಪದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ತಳೆದು ಅವನ ಬಳಿ ಬಂದಾಗ ದಮಯಂತಿ ದಿಕ್ಕುಗಾಣದಾದಳು. ಕಡೆಗೆ ಅವಳು ತನ್ನವನನ್ನು ಗುರುತಿಸಿದ್ದು ಕೆಲವು ಸಣ್ಣ ಕುರುಹುಗಳಿಂದ. ದೇವತೆಗಳ ಮೈಯಲ್ಲಿ ಬೆವರಿರಲಿಲ್ಲ. ಕೊರಳ ಮಾಲೆ ಬಾಡಿರಲಿಲ್ಲ. ಅವರ ಕಣ್ಣು ಎವೆಯಿಕ್ಕುತ್ತಿರಲಿಲ್ಲ. ರೆಪ್ಪೆ ಮಿಟುಕಿಸುತ್ತಿದ್ದವನು ನಳನೊಬ್ಬನೇ. ದೇವತೆಗಳಿಗೆ ಅನಿಮಿಷರೆಂಬ ಹೆಸರು ಬಂದದ್ದು ಹೀಗೆ. ಎವೆಯಿಕ್ಕುವುದು ಮನುಷ್ಯನ ಲಕ್ಷಣ.

ನಿಮಿಷಕ್ಕೆ ಸುಮಾರು 15 ರಿಂದ 20 ಬಾರಿ ನಡೆಯುವ ಈ ಕ್ರಿಯೆಯನ್ನು ನಾವು ಗಮನಿಸುವುದೇ ಇಲ್ಲ. ರೆಪ್ಪೆಯ ಕಡೆಗೆ ನಮ್ಮ ಲಕ್ಷ್ಯ ಹರಿಯುವುದು ವಯಸ್ಸು ನಲವತ್ತನ್ನು ದಾಟಿ, ಮೇಲಿನ ರೆಪ್ಪೆ ಮಡಿಕೆ ಮಡಿಕೆಯಾಗಿ ಇಳಿಬಿದ್ದು, ಕೆಳಗಿನ ರೆಪ್ಪೆಯ ಅಡಿಯಲ್ಲಿ ಚೀಲ ಕಟ್ಟಿದಂತೆ ಕಾಣತೊಡಗಿದಾಗಲೇ. ರಾತ್ರಿಯೆಲ್ಲ ಸುಖವಾಗಿ ನಿದ್ರಿಸಿ ಎದ್ದವರನ್ನೂ ಮನೆಯ ಮಕ್ಕಳು, "ಏಕಮ್ಮಾ, ನಿದ್ದೆಗೆಟ್ಟವಳಂತೆ ಕಾಣುತ್ತೀಯೆ?" ಎಂದು ಕೇಳುತ್ತಾರೆ. ಮದುವೆಯ ಆಲ್ಬಮ್ಮಿನಲ್ಲಿ ತನ್ನ ಭಾವಚಿತ್ರವನ್ನು ಕಂಡು ಯಜಮಾನರು ಮೌನವಾಗಿ ಹಾಳೆ ಮಗುಚುತ್ತಾರೆ. ದೂರದ ಊರಿನಲ್ಲಿರುವ ಮಗನೊಡನೆ ಮೊಬೈಲಿನಲ್ಲಿ ಮುಖಾಮುಖಿ ಮಾತನಾಡುವ ಈ ಕಾಲದಲ್ಲಂತೂ ಮಗನ ಮುಖದ ಪಕ್ಕದಲ್ಲೇ ತಮ್ಮ ಮುಖವನ್ನೂ ನೋಡಿಕೊಳ್ಳಬೇಕಾಗಿ ಬಂದಿದೆ. ಹೀಗಿರುವಲ್ಲಿ, ಚಲನಚಿತ್ರ ತಾರೆಯರ ಸೊತ್ತೆಂದು ಭಾವಿಸಲಾಗಿದ್ದ ರೆಪ್ಪೆಯ ಶಸ್ತ್ರಕ್ರಿಯೆ ಮಧ್ಯಮ ವರ್ಗದ ಮನೆಗಳ ಮಾತುಕತೆಯಲ್ಲಿಯೂ ಸುಳಿಯತೊಡಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ವೈದ್ಯರು ಇದನ್ನು ಬ್ಲೆಫೆರೊಪ್ಲಾಸ್ಟಿ ಎಂದು ಕರೆಯುತ್ತಾರೆ. ಇದಕ್ಕೆ ಮನಸ್ಸು ಮಾಡುವವರು ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ವಿಚಾರ ಮಾಡುವುದು ಅವಶ್ಯ.

ರೆಪ್ಪೆಯ ರಚನೆ

ನಮ್ಮ ದೇಹದಲ್ಲಿ ಅತ್ಯಂತ ತೆಳುವಾದ ಚರ್ಮವಿರುವುದು ರೆಪ್ಪೆಯಲ್ಲಿ. ಅದರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅದರ ಕೆಳಗೆ ಕಣ್ಣನ್ನು ಸುತ್ತುವರಿದು ಮುಚ್ಚುವ ಸ್ನಾಯು. ಅದರ ಹಿಂದೆ ಒಂದು ತೆಳುವಾದ ಪೊರೆ. ಪೊರೆಯ ಹಿಂದೆ ಕಣ್ಣುಗುಡ್ಡೆಗೆ ಮೆತ್ತೆಯಾಗಿರುವ ಕೊಬ್ಬು. ಮೇಲಿನ ರೆಪ್ಪೆಯಲ್ಲಿ ಈ ಕೊಬ್ಬು ಎರಡು ಗಂಟುಗಳಾಗಿಯೂ ಕೆಳಗಿನದರಲ್ಲಿ ಮೂರು ಗಂಟುಗಳಾಗಿಯೂ ಇರುತ್ತದೆ. ಮೇಲಿನ ರೆಪ್ಪೆಯನ್ನು ಎತ್ತಿ ಹಿಡಿಯಲು ಪ್ರತ್ಯೇಕವಾದ ಸ್ನಾಯು ಉಂಟು. ವಯಸ್ಸಾದಂತೆ ಚರ್ಮ ತನ್ನ ಬಿಗಿಯನ್ನು ಕಳೆದುಕೊಂಡು ಜೋಲುತ್ತದೆ. ಪೊರೆ ಸಡಿಲವಾಗಿ ಒಳಗಿನ ಕೊಬ್ಬು ಮುಂದಕ್ಕೆ ಉಬ್ಬುತ್ತದೆ. ಕಣ್ಣ ಕೆಳಗಿನ ಚೀಲದ ಗುಟ್ಟು ಇಷ್ಟೇ. ಬಿಸಿಲು, ಹೊಗೆಬತ್ತಿ ಮತ್ತು ವಂಶಗುಣ ಈ ಕೆಲಸವನ್ನು ಇನ್ನಷ್ಟು ಬೇಗ ಮಾಡಿಸುತ್ತವೆ.

ಆದರೆ ಇಳಿಬಿದ್ದ ರೆಪ್ಪೆಗಳೆಲ್ಲ ಒಂದೇ ಬಗೆಯವಲ್ಲ. ಚರ್ಮ ಹೆಚ್ಚಾಗಿ ಜೋಲುವುದು ಒಂದು ಬಗೆ. ಎತ್ತುವ ಸ್ನಾಯುವೇ ಸಡಿಲವಾಗಿ ರೆಪ್ಪೆಯ ಅಂಚು ಕಣ್ಣಾಲಿಯ ಮೇಲೆ ಇಳಿಯುವುದು ಇನ್ನೊಂದು. ಹುಬ್ಬೇ ಕೆಳಗೆ ಜಾರಿ ರೆಪ್ಪೆಯ ಮೇಲೆ ಭಾರ ಹಾಕುವುದು ಮತ್ತೊಂದು. ಮೊದಲನೆಯದಕ್ಕೆ ಚರ್ಮ ಕತ್ತರಿಸಿದರೆ ಗುಣವುಂಟು. ಉಳಿದೆರಡಕ್ಕೆ ಅದೊಂದರಿಂದಲೇ ಪ್ರಯೋಜನವಾಗದು. ಅವುಗಳ ಚಿಕಿತ್ಸೆಯೇ ಬೇರೆ. ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಇಳಿದುಬಿದ್ದರೆ, ಇಲ್ಲವೆ ಬೆಳಿಗ್ಗೆ ಸರಿಯಿದ್ದದ್ದು ಸಂಜೆಯ ವೇಳೆಗೆ ಜಗ್ಗುತ್ತ ಬಂದರೆ, ಅದು ನರ ಅಥವಾ ಸ್ನಾಯುವಿನ ರೋಗದ ಸೂಚನೆಯಾಗಿರಬಹುದು. ಅಂಥವರು ಸೌಂದರ್ಯದ ವಿಚಾರವನ್ನು ಬದಿಗಿರಿಸಿ ತಡಮಾಡದೆ ವೈದ್ಯರನ್ನು ಕಾಣಬೇಕು.

ಹಳೆಯ ವಿದ್ಯೆ, ಹಳೆಯ ಎಚ್ಚರ

ರೆಪ್ಪೆಗೆ ಕತ್ತಿ ಹಚ್ಚುವ ವಿದ್ಯೆ ಹೊಸದೆಂದು ತಿಳಿಯುವುದು ತಪ್ಪು. ಎವೆಗೂದಲು ಒಳಮುಖವಾಗಿ ಬೆಳೆದು ಕಣ್ಣನ್ನು ಚುಚ್ಚುವ ಪಕ್ಷ್ಮಕೋಪವೆಂಬ ರೋಗಕ್ಕೆ ಸುಶ್ರುತಸಂಹಿತೆಯ ಉತ್ತರತಂತ್ರ ಶಸ್ತ್ರಚಿಕಿತ್ಸೆಯನ್ನು ಹೇಳಿದೆ. ಹುಬ್ಬಿಗೂ ಎವೆಗೂ ನಡುವಣ ಜಾಗದಲ್ಲಿ ಹುಬ್ಬಿನ ಕಡೆ ಎರಡು ಭಾಗ, ಎವೆಯ ಕಡೆ ಒಂದು ಭಾಗವನ್ನು ಬಿಟ್ಟು, ನಡುವೆ ಜವೆಗೋಧಿಯ ಆಕಾರದಲ್ಲಿ ಚರ್ಮವನ್ನು ತೆಗೆದು, ಕೂದಲಿನಿಂದ ಹೊಲಿದು, ಜೇನು ತುಪ್ಪಗಳನ್ನು ಲೇಪಿಸಬೇಕೆಂಬುದು ಅಲ್ಲಿಯ ವಿಧಾನ. ಅದು ರೂಪಕ್ಕಾಗಿ ಮಾಡಿದ ಚಿಕಿತ್ಸೆಯಲ್ಲ, ನಿಜ. ಆದರೆ ಆ ಪ್ರಾಚೀನ ಆಚಾರ್ಯನು ಎಷ್ಟನ್ನು ಕತ್ತರಿಸಬೇಕೆಂದು ಹೇಳುವ ಮೊದಲು ಎಷ್ಟನ್ನು ಉಳಿಸಬೇಕೆಂದು ಹೇಳಿದ್ದಾನೆ ಎಂಬುದನ್ನು ಓದುಗರು ಗಮನಿಸಬೇಕು.

ಬ್ಲೆಫೆರೊಪ್ಲಾಸ್ಟಿ ಎಂಬ ಹೆಸರು ಬಳಕೆಗೆ ಬಂದದ್ದು 1818 ರಲ್ಲಿ, ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆಯವರಿಂದ. ಕ್ಯಾನ್ಸರಿನಿಂದ ಕೆಟ್ಟ ರೆಪ್ಪೆಯನ್ನು ಮತ್ತೆ ಕಟ್ಟಿಕೊಡುವುದು ಅವರ ಉದ್ದೇಶವಾಗಿತ್ತು. ಅದನ್ನು ರೂಪದ ಸೇವೆಗೆ ಒಗ್ಗಿಸಿದವರಲ್ಲಿ ಪ್ಯಾರಿಸ್ಸಿನ ಮಹಿಳಾ ವೈದ್ಯೆ ಸುಜಾನ್ ನೋಯೆಲ್ ಪ್ರಮುಖರು. 1926 ರಲ್ಲಿ ಅವರು ಬರೆದ ಗ್ರಂಥದ ಹೆಸರಿನಲ್ಲಿಯೇ ಸೌಂದರ್ಯ ಶಸ್ತ್ರಕ್ರಿಯೆಯ ಸಾಮಾಜಿಕ ಪಾತ್ರವೆಂಬ ಮಾತು ಸೇರಿದೆ. ದುಡಿದು ಬದುಕುವ ಹೆಂಗಸಿಗೆ ಮುಖದ ಮುಪ್ಪು ಕೇವಲ ಕನ್ನಡಿಯ ದುಃಖವಲ್ಲ, ಜೀವನೋಪಾಯದ ಪ್ರಶ್ನೆ ಎಂಬುದು ಅವರ ವಾದದ ತಿರುಳು. ಈ ಚಿಕಿತ್ಸೆಯನ್ನು ಬಯಸುವವರನ್ನೆಲ್ಲ ಬರಿಯ ಶೋಕಿಯವರೆಂದು ಹಳಿಯುವವರು ಇದನ್ನು ನೆನೆಯುವುದು ಒಳ್ಳೆಯದು. ಅಲ್ಲದೆ ಮೇಲಿನ ರೆಪ್ಪೆ ಬಹಳವಾಗಿ ಜೋತುಬಿದ್ದವರಿಗೆ ಮೇಲುಗಡೆಯ ಮತ್ತು ಪಕ್ಕದ ದೃಷ್ಟಿಯೇ ಮರೆಯಾಗುತ್ತದೆ. ಓದುವಾಗ ಅವರು ಹುಬ್ಬೆತ್ತಿ ಹುಬ್ಬೆತ್ತಿ ಸಂಜೆಯ ವೇಳೆಗೆ ಹಣೆನೋವನ್ನು ಅನುಭವಿಸುತ್ತಾರೆ. ಅವರಿಗೆ ಇದು ಅಲಂಕಾರವಲ್ಲ, ಅಗತ್ಯ.

ಶಸ್ತ್ರಕ್ರಿಯೆಗೆ ಮೊದಲು

ಒಳ್ಳೆಯ ವೈದ್ಯರು ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಬಹಳ ಹೊತ್ತು ಪ್ರಶ್ನೆಗಳನ್ನು ಕೇಳುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯಿಡ್ ತೊಂದರೆ, ಗ್ಲಾಕೋಮ, ಕಣ್ಣಿನ ಹಿಂದಿನ ಶಸ್ತ್ರಕ್ರಿಯೆ, ಇವೊಂದನ್ನೂ ಮುಚ್ಚಿಡಕೂಡದು. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣು ಒಣಗುವ ತೊಂದರೆ. ಕಣ್ಣೀರು ಕಡಿಮೆಯಿರುವವರಿಗೆ ರೆಪ್ಪೆಯ ಶಸ್ತ್ರಕ್ರಿಯೆಯಿಂದ ಉರಿ ಹೆಚ್ಚಬಹುದು. ಆದುದರಿಂದ ಕಣ್ಣಿನ ಅಂಚಿಗೆ ಒಂದು ಸಣ್ಣ ಕಾಗದದ ಪಟ್ಟಿಯನ್ನಿಟ್ಟು ಕಣ್ಣೀರಿನ ಪ್ರಮಾಣವನ್ನು ಅಳೆಯುವುದುಂಟು. ಆಸ್ಪಿರಿನ್ ಮೊದಲಾದ ರಕ್ತವನ್ನು ತೆಳುಮಾಡುವ ಔಷಧಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಮೀನೆಣ್ಣೆ, ಬೆಳ್ಳುಳ್ಳಿ ಮುಂತಾದವುಗಳ ಗುಳಿಗೆಗಳ ವಿಚಾರವನ್ನೂ ವೈದ್ಯರಿಗೆ ತಿಳಿಸಬೇಕು. ಆದರೆ ಹೃದಯದ ರೋಗಕ್ಕಾಗಿ ಕೊಟ್ಟ ಔಷಧವನ್ನು ರೋಗಿಯು ತಾನಾಗಿ ನಿಲ್ಲಿಸಬಾರದು. ಆ ನಿರ್ಧಾರ ಹೃದಯತಜ್ಞರದು. ಧೂಮಪಾನಿಗಳ ಗಾಯ ತಡವಾಗಿ ಮಾಯುವುದರಿಂದ ಕೆಲವು ವಾರಗಳ ಮೊದಲೇ ಆ ಚಟವನ್ನು ಬಿಡುವುದು ಲೇಸು.

ವೈದ್ಯರ ಆಯ್ಕೆಯಲ್ಲಿ ಸಂಕೋಚ ಸಲ್ಲದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪದವಿಯಂಥ ಅರ್ಹತೆ ಪಡೆದವರು, ಅಥವಾ ನೇತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು ರೆಪ್ಪೆಯ ಶಸ್ತ್ರಕ್ರಿಯೆಯಲ್ಲಿ ವಿಶೇಷ ತರಬೇತಿ ಹೊಂದಿದವರು ಇದಕ್ಕೆ ತಕ್ಕವರು. ಅಲಂಕಾರದ ಅಂಗಡಿಯ ಹಿಂಬದಿಯ ಕೋಣೆ ಇದಕ್ಕೆ ತಕ್ಕ ಜಾಗವಲ್ಲ. ಆರೋಗ್ಯ ವಿಮೆಯುಳ್ಳವರು ಒಂದನ್ನು ನೆನಪಿಡಬೇಕು. ರೂಪಕ್ಕಾಗಿಯೇ ಮಾಡಿಸಿಕೊಳ್ಳುವ ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ವಿಮೆಯ ಹಣ ದೊರೆಯದು. ದೃಷ್ಟಿಗೆ ಅಡ್ಡಿಯಿದ್ದಲ್ಲಿ ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿ, ಅದರ ವರದಿಯೊಡನೆ ಮೊದಲೇ ವಿಚಾರಿಸುವುದು ಜಾಣತನ.

ಆ ದಿನ ನಡೆಯುವುದೇನು?

ರೋಗಿಯನ್ನು ಕೂರಿಸಿ ರೆಪ್ಪೆಯ ಮೇಲೆ ಶಾಯಿಯಿಂದ ಗೆರೆ ಎಳೆಯುತ್ತಾರೆ. ಮಲಗಿದರೆ ಚರ್ಮದ ಜೋಲು ಬೇರೆಯಾಗಿ ತೋರುತ್ತದೆ. ಅನಂತರ ಸೂಜಿಮದ್ದಿನಿಂದ ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಅಳುಕುವವರಿಗೆ ಮಂಪರು ತರಿಸುವ ಔಷಧವನ್ನೂ ಕೊಡುವುದುಂಟು. ಮೇಲಿನ ರೆಪ್ಪೆಯಲ್ಲಿ ಸಹಜವಾದ ಮಡಿಕೆಯ ಗೆರೆಯಲ್ಲೇ ಕತ್ತರಿಸುವುದರಿಂದ ಕಲೆ ಮಡಿಕೆಯೊಳಗೆ ಅಡಗುತ್ತದೆ. ಕೆಳಗಿನ ರೆಪ್ಪೆಯಲ್ಲಿ ಎವೆಗೂದಲಿನ ಅಂಚಿನ ಕೆಳಗೆ, ಅಥವಾ ರೆಪ್ಪೆಯ ಒಳಮೈಯಲ್ಲಿ ಕತ್ತರಿಸುತ್ತಾರೆ. ಒಳಮೈಯಲ್ಲಾದರೆ ಹೊರಗೆ ಕಲೆಯೇ ಕಾಣದು. ಮೇಲಿನ ಎರಡು ರೆಪ್ಪೆಗಳಿಗೆ ಸುಮಾರು ಒಂದು ಗಂಟೆ, ನಾಲ್ಕಕ್ಕೂ ಆದರೆ ಅದರ ಎರಡರಷ್ಟು ಕಾಲ ಹಿಡಿಯಬಹುದು. ಬಹುಮಟ್ಟಿಗೆ ಅದೇ ದಿನ ಮನೆಗೆ ಹೋಗಬಹುದು. ಆದರೆ ಜೊತೆಗೊಬ್ಬರು ಇರಲೇಬೇಕು.

ಇಲ್ಲಿಯೇ ಶಸ್ತ್ರವೈದ್ಯನ ನಿಜವಾದ ಪರೀಕ್ಷೆ. ಹುಬ್ಬಿನಿಂದ ಎವೆಯವರೆಗೆ ಸುಮಾರು 20 ಮಿಲಿಮೀಟರು ಚರ್ಮವಾದರೂ ಉಳಿಯಬೇಕೆಂಬುದು ಇಂದಿನ ತಜ್ಞರು ಪಾಲಿಸುವ ಅಳತೆ. ಅದಕ್ಕಿಂತ ಹೆಚ್ಚಾಗಿ ಕತ್ತರಿಸಿದರೆ ಕಣ್ಣು ಪೂರ್ತಿ ಮುಚ್ಚದೆ, ನಿದ್ರೆಯಲ್ಲೂ ಅರೆತೆರೆದೇ ಇದ್ದು, ಕರಿಯಾಲಿಯ ಮೇಲ್ಮೈ ಒಣಗಿ ಹುಣ್ಣಾಗುವ ಭಯವುಂಟು. ಕೆಳರೆಪ್ಪೆಯಲ್ಲಿ ಮಿತಿ ಮೀರಿದರೆ ಅದು ಹೊರಕ್ಕೆ ಮಗುಚಿ ಸದಾ ನೀರು ಸುರಿಸಬಹುದು. ಕೊಬ್ಬಿನ ವಿಷಯದಲ್ಲಿಯೂ ಹೀಗೆಯೇ. ಹಿಂದೆ ಅದನ್ನು ಧಾರಾಳವಾಗಿ ತೆಗೆದುಹಾಕುತ್ತಿದ್ದರು. ವರ್ಷಗಳು ಕಳೆದಂತೆ ಅಂಥವರ ಕಣ್ಣು ಗುಳಿಬಿದ್ದು ಮುಖ ಮತ್ತಷ್ಟು ಮುಪ್ಪಾಗಿ ಕಂಡಿತು. ಆದುದರಿಂದ ಇತ್ತೀಚಿನ ದಶಕಗಳಲ್ಲಿ ಕೊಬ್ಬನ್ನು ಮಿತವಾಗಿ ತೆಗೆಯುವ, ಇಲ್ಲವೆ ತಗ್ಗಾದ ಕಡೆಗೆ ಸರಿಸಿ ಕೂರಿಸುವ ಪದ್ಧತಿಗೆ ಮನ್ನಣೆ ಬಂದಿದೆ. ಅನಿಮಿಷತ್ವ ದೇವತೆಗಳಿಗೆ ಭೂಷಣ; ಮನುಷ್ಯನಿಗೆ ಅದೊಂದು ವ್ಯಾಧಿ.

ಆಮೇಲಿನ ದಿನಗಳು

ಮೊದಲ ಎರಡು ಮೂರು ದಿನ ಕನ್ನಡಿಯನ್ನು ನೋಡದಿರುವುದೇ ಮನಶ್ಶಾಂತಿಗೆ ಹಿತ. ಕಣ್ಣಿನ ಸುತ್ತ ಊದಿಕೊಂಡು, ನೀಲಿಗಟ್ಟಿ, ಯಾರೋ ಗುದ್ದಿದಂತೆ ಕಾಣುವುದು ಸಹಜ. ಮೊದಲ 48 ಗಂಟೆಗಳ ಕಾಲ ಆಗಾಗ ತಣ್ಣನೆಯ ಬಟ್ಟೆಯನ್ನು ಹಗುರವಾಗಿ ಇರಿಸುವುದು, ದಿಂಬನ್ನು ಎತ್ತರಿಸಿ ಮಲಗುವುದು, ಬಗ್ಗಿ ಭಾರ ಎತ್ತದಿರುವುದು, ಇವು ಊತವನ್ನು ಇಳಿಸುತ್ತವೆ. ಮನೆಯ ಗೃಹಿಣಿ ನೀರಿನ ಕೊಡವನ್ನಾಗಲಿ ಮೊಮ್ಮಗನನ್ನಾಗಲಿ ಕೆಲವು ದಿನ ಎತ್ತಬಾರದು. ಹೊಲಿಗೆಯನ್ನು ಸಾಮಾನ್ಯವಾಗಿ 5 ರಿಂದ 7 ದಿನಗಳಲ್ಲಿ ತೆಗೆಯುತ್ತಾರೆ. ಊತ ಮತ್ತು ನೀಲಿಯ ಹೆಚ್ಚಿನ ಭಾಗ 10 ರಿಂದ 14 ದಿನಗಳಲ್ಲಿ ಇಳಿಯುತ್ತದೆ. ಅಷ್ಟು ದಿನವೂ ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಇವುಗಳನ್ನು ದೂರವಿಡಬೇಕು. ಹೊರಗೆ ಹೋಗುವಾಗ ಬಿಸಿಲುಕನ್ನಡಕ ಧರಿಸಬೇಕು. ಕಣ್ಣಿನಲ್ಲಿ ಮರಳು ಬಿದ್ದಂತಹ ಅನುಭವ, ನೀರು ಸುರಿಯುವುದು, ಮುಲಾಮಿನಿಂದ ದೃಷ್ಟಿ ಮಸುಕಾಗುವುದು, ಇವು ಕೆಲವು ದಿನ ಇದ್ದು ಹೋಗುತ್ತವೆ. ಗಾಯದ ಗೆರೆ ಕೆಲವು ತಿಂಗಳು ಕೆಂಪಾಗಿದ್ದು ಕ್ರಮೇಣ ಮಾಸುತ್ತದೆ. ಹತ್ತಿರದಲ್ಲಿ ಮದುವೆಯೋ ಗೃಹಪ್ರವೇಶವೋ ಇರುವವರು ತಿಂಗಳುಗಳ ಅಂತರವನ್ನಿಟ್ಟುಕೊಳ್ಳುವುದು ಒಳಿತು.

ಒಂದು ಅಪಾಯವನ್ನು ಮಾತ್ರ ಮನೆಮಂದಿಯೆಲ್ಲರೂ ಅರಿತಿರಬೇಕು. ಶಸ್ತ್ರಕ್ರಿಯೆಯಾದ ಮೇಲೆ, ಅದರಲ್ಲಿಯೂ ಮೊದಲ 24 ಗಂಟೆಗಳಲ್ಲಿ, ಒಂದು ಕಣ್ಣಿನಲ್ಲಿ ತೀವ್ರವಾದ ನೋವು ಕಾಣಿಸಿಕೊಂಡು, ಕಣ್ಣುಗುಡ್ಡೆ ಬಿಗಿದು ಮುಂದಕ್ಕೆ ಚಾಚಿ, ದೃಷ್ಟಿ ಮಂದವಾದರೆ, ಕಣ್ಣಿನ ಹಿಂದೆ ರಕ್ತ ಶೇಖರವಾಗುತ್ತಿರಬಹುದು. ಇದು ಅತಿ ವಿರಳ. ಆದರೆ ಬಂದಾಗ ಪ್ರತಿಯೊಂದು ನಿಮಿಷವೂ ಅಮೂಲ್ಯ. ಬೆಳಗಾಗಲೆಂದು ಕಾಯದೆ, ನೋವಿನ ಗುಳಿಗೆ ನುಂಗಿ ಮಲಗದೆ, ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ತಡಮಾಡಿದರೆ ದೃಷ್ಟಿಯೇ ಹೋಗಬಹುದು.

ಫಲವೇನು?

ಯೋಗ್ಯರಾದವರಿಗೆ ಯೋಗ್ಯರು ಮಾಡಿದ ಶಸ್ತ್ರಕ್ರಿಯೆಯ ಫಲ ಬಹಳ ವರ್ಷ ನಿಲ್ಲುತ್ತದೆ. ಕಣ್ಣು ತೆರೆದಂತೆ, ಮುಖ ವಿಶ್ರಾಂತಿ ಪಡೆದಂತೆ ಕಾಣುತ್ತದೆ. ಮರೆಯಾಗಿದ್ದ ದೃಷ್ಟಿ ಮರಳುತ್ತದೆ. ಆದರೆ ಕಣ್ಣಂಚಿನಲ್ಲಿ ನಗುವಾಗ ಮೂಡುವ ಗೆರೆಗಳು ಇದರಿಂದ ಅಳಿಸವು. ನಮ್ಮವರಲ್ಲಿ ಬಹುಮಂದಿಯನ್ನು ಕಾಡುವ ಕಣ್ಣ ಕೆಳಗಿನ ಕಪ್ಪು, ಚರ್ಮದ ಬಣ್ಣದಿಂದ ಬಂದದ್ದಾದರೆ, ಕತ್ತರಿಗೆ ಬಗ್ಗದು. ಇಳಿದ ಹುಬ್ಬು ಮೇಲೇಳದು. ಎರಡು ಕಣ್ಣುಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಸಮವಾಗವು. ಹುಟ್ಟಿನಿಂದಲೂ ಅವು ಹಾಗಿರಲಿಲ್ಲ. ವಯಸ್ಸು ಸಹ ನಿಲ್ಲದು. ಇನ್ನು ಮನೆಯ ಮನಸ್ತಾಪವಾಗಲಿ ಒಳಗಿನ ಬೇಸರವಾಗಲಿ ರೆಪ್ಪೆಯನ್ನು ಎತ್ತಿದ ಮಾತ್ರಕ್ಕೆ ಕರಗುವುದೆಂದು ನಂಬಿ ಹೋದವರು ನಿರಾಶರಾಗಿ ಮರಳುತ್ತಾರೆ. ಯಾರದೋ ಒಂದು ಮಾತಿಗೆ ನೊಂದು ಹೋಗುವವರು ಆರು ತಿಂಗಳು ಕಾದು ನೋಡಲಿ. ಆಗಲೂ ಬಯಕೆ ಉಳಿದಿದ್ದರೆ ಅದು ತಮ್ಮದೇ ಬಯಕೆ.

ವೈದ್ಯರ ಮುಂದೆ ಕುಳಿತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಎಷ್ಟು ತೆಗೆಯುತ್ತೀರಿ?" ಎಂಬುದು. "ಎಷ್ಟು ಉಳಿಸುತ್ತೀರಿ? ಮಲಗಿದಾಗ ನನ್ನ ಕಣ್ಣು ಚೆನ್ನಾಗಿ ಮುಚ್ಚುವುದೆ?" ಎಂದೂ ಕೇಳಲಿ. ಆ ಪ್ರಶ್ನೆಗೆ ಬೇಸರಿಸದೆ, ಅಳತೆ ತೋರಿಸಿ, ಸಾವಧಾನವಾಗಿ ಉತ್ತರ ಹೇಳುವ ವೈದ್ಯರ ಕೈಗೆ ರೆಪ್ಪೆಯನ್ನು ಒಪ್ಪಿಸಬಹುದು.