ಸಗಣಿ ಗುಂಡಿಯಿಂದ ವಿಶ್ವಸಂಸ್ಥೆಯ ದಫ್ತರಕ್ಕೆ

ನಂಜನಗೂಡು, ತಿ. ನರಸೀಪುರದ ಕಡೆ ಕಬಿನಿ ನೀರಿದೆ, ಭತ್ತ-ಕಬ್ಬಿದೆ, ಕೊಟ್ಟಿಗೆಯಲ್ಲಿ ದನವೂ ಉಂಟು. ಅಲ್ಲಿನ ರೈತರು ಕಾರ್ಬನ್ ಕ್ರೆಡಿಟ್ ಎಂದರೇನು ಎಂದು ಕೇಳಿದರೆ ನಾನು ತೋರಿಸುವುದು ಇದ್ಯಾವುದೂ ಸಮೃದ್ಧವಾಗಿಲ್ಲದ ಬಾಗೇಪಲ್ಲಿಯನ್ನು.

ಅಲ್ಲಿ 1977ರಿಂದ ಕೆಲಸ ಮಾಡುತ್ತಿದ್ದ ‘ಅಡಾಟ್ಸ್’ ಸಂಸ್ಥೆ ಕೂಲಿಕಾರರನ್ನು, ಸಣ್ಣ ರೈತರನ್ನು ಒಗ್ಗೂಡಿಸಿ ಬಾಗೇಪಲ್ಲಿ ಕೂಲಿ ಸಂಘ ಬೆಳೆಯಲು ನೆರವಾಗಿತ್ತು. ಸಂಘದ ಹೆಂಗಸರ ಎಷ್ಟೋ ಹೊತ್ತು ಸೌದೆಗೇ ಹೋಗುತ್ತಿತ್ತು. 5,500 ಮನೆಗಳಿಗೆ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಬೇಕು ಎಂಬ ಯೋಚನೆ ಬಂತು. ದುಡ್ಡು ಮಾತ್ರ ಇರಲಿಲ್ಲ. ಅದೇ ಸಮಯಕ್ಕೆ, 2005ರ ಫೆಬ್ರವರಿಯಲ್ಲಿ, ಕ್ಯೋಟೊ ಒಪ್ಪಂದ ಜಾರಿಗೆ ಬಂತು. ಬಡ ದೇಶದಲ್ಲಿ ಉಳಿಸಿದ ಹೊಗೆಯನ್ನು ಶ್ರೀಮಂತ ದೇಶ ಕಾರ್ಬನ್ ಕ್ರೆಡಿಟ್ಟಿನ ರೂಪದಲ್ಲಿ ಕೊಂಡುಕೊಳ್ಳಬಹುದು ಎಂದಾಯಿತು.

ಕೊಳ್ಳುವವರಿಗೆ ಬಾಯಿಮಾತು ಸಾಲದು. ಹಳೆಯ ಒಲೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ ತಿನ್ನುತ್ತಿತ್ತು ಎಂಬ ಸಮೀಕ್ಷೆ ಬೇಕು. ಆ ಸೌದೆ ಮತ್ತೆ ಬೆಳೆಯದ ಕಾಡಿನದು ಎಂಬುದಕ್ಕೆ ಆಧಾರ ಬೇಕು. ಊರವರ ಸಭೆ ನಡೆಯಬೇಕು. ಎಲ್ಲಕ್ಕಿಂತ ವಿಚಿತ್ರವಾದದ್ದು, ಕ್ರೆಡಿಟ್ಟಿನ ಹಣವಿಲ್ಲದೆ ಈ ಕೆಲಸ ಆಗುತ್ತಲೇ ಇರಲಿಲ್ಲ ಎಂದು ಸಾಬೀತು ಮಾಡಬೇಕಾದದ್ದು. ಬಡತನಕ್ಕೂ ಲೆಕ್ಕಪರಿಶೋಧಕರ ಮೊಹರು! ಇದೆಲ್ಲ ಸೇರಿದ ಕಡತ ದೆಹಲಿಯ ಪರಿಸರ ಸಚಿವಾಲಯದ ಪ್ರಾಧಿಕಾರದ ಒಪ್ಪಿಗೆ ಪಡೆದು, ಸ್ವತಂತ್ರ ತಪಾಸಣಾ ಸಂಸ್ಥೆಯ ಕೈದಾಟಿ, ವಿಶ್ವಸಂಸ್ಥೆಯ ಕಾರ್ಯನಿರ್ವಾಹಕ ಮಂಡಳಿಗೆ ಹೋಯಿತು. 2005ರ ಡಿಸೆಂಬರ್ 10ರಂದು ನೋಂದಣಿಯಾಯಿತು. ವರ್ಷಕ್ಕೆ 19,553 ಟನ್ ಇಂಗಾಲದ ಡೈಆಕ್ಸೈಡ್ ಉಳಿಯುವ ಅಂದಾಜು, ಎಂದರೆ ಒಲೆಯೊಂದಕ್ಕೆ ಸುಮಾರು ಮೂರೂವರೆ ಟನ್.

ಅದೃಷ್ಟವೂ ಜೊತೆಗಿತ್ತು. ಸೌದೆ ಉಳಿಸಿದ್ದನ್ನು ಲೆಕ್ಕ ಹಾಕುವ ವಿಧಾನವನ್ನು ಆ ನೋಂದಣಿಯ ಆಸುಪಾಸಿನಲ್ಲೇ ಕೈಬಿಡಲಾಯಿತು. ಬದಲಿ ವಿಧಾನ ಬಂದದ್ದು 2008ರಲ್ಲಿ. ಸ್ವಲ್ಪ ತಡವಾಗಿದ್ದರೆ ಬಾಗೇಪಲ್ಲಿಯ ಕಡತ ಎರಡು ವರ್ಷ ಕಪಾಟಿನಲ್ಲೇ ಇರುತ್ತಿತ್ತು.

ನೋಂದಣಿಯಾದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಗ್ಯಾಸ್ ಗುಂಡಿ ಕಟ್ಟಬೇಕು, ದಿನಕ್ಕೆ ಐವತ್ತು ಕಿಲೋದಷ್ಟು ಸಗಣಿ ಕಲಸಿ ಹಾಕಬೇಕು, ಒಲೆ ಉರಿಯುತ್ತಿದೆಯೇ ಎಂದು ದಾಖಲಿಸಬೇಕು. ಕೆಟ್ಟು ನಿಂತ ಗುಂಡಿಗೆ ಕ್ರೆಡಿಟ್ ಇಲ್ಲ. ಮತ್ತೊಬ್ಬ ತಪಾಸಕ ಬಂದು ನೋಡಿ ಒಪ್ಪಿದ ಮೇಲಷ್ಟೇ ಪ್ರಮಾಣಪತ್ರ, ಒಂದು ಟನ್ನಿಗೆ ಒಂದು. ಅದರ ಬೆಲೆಯೂ ಸ್ಥಿರವಲ್ಲ: 2008ರಲ್ಲಿ ಇಪ್ಪತ್ತು ಯೂರೋ ದಾಟಿದ್ದ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು. ಬೆಲೆ ಬಿದ್ದರೂ ಹೊಗೆಯಿಲ್ಲದ ಒಲೆ ಮನೆಯಲ್ಲೇ ಉಳಿಯುತ್ತದೆ ಎಂಬುದೊಂದು ಸಮಾಧಾನ. ಬರೀ ಗಿಡ ನೆಟ್ಟು ಕ್ರೆಡಿಟ್ಟಿಗೆ ಕಾಯುವವರಿಗೆ ಅದೂ ಇಲ್ಲ.

ನನ್ನ ಮಟ್ಟಿಗೆ ಬಾಗೇಪಲ್ಲಿಯ ದೊಡ್ಡ ಗೆಲುವು ಬೇರೆ. ಕಡತದಲ್ಲಿ ಯೋಜನೆಯ ಒಡೆಯ ಯಾವುದೋ ಕಂಪನಿಯಲ್ಲ, ಕೂಲಿ ಸಂಘ.

ಈಗ ಭಾರತಕ್ಕೆ ತನ್ನದೇ ಕಾರ್ಬನ್ ಮಾರುಕಟ್ಟೆ ಬರುತ್ತಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯನ್ನು ಅಧಿಸೂಚಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸ್ವಇಚ್ಛೆಯ ಯೋಜನೆಗಳಿಗೂ ಅವಕಾಶ ಕೊಟ್ಟಿತು. ನಾಳೆ ಯಾರಾದರೂ ಗದ್ದೆಯ ಬದುವಿಗೋ ಕೊಟ್ಟಿಗೆಗೋ ಕರಾರುಪತ್ರ ಹಿಡಿದು ಬಂದರೆ ನಂಜನಗೂಡು, ನರಸೀಪುರದ ರೈತರು ಸಹಿಗೆ ಮುನ್ನ ಕೇಳಲಿ: ಕ್ರೆಡಿಟ್ ಯಾರ ಹೆಸರಿಗೆ? ಎಷ್ಟು ವರ್ಷ? ತಪಾಸಣೆಯ ಖರ್ಚು ಯಾರದು? ಕನ್ನಡದಲ್ಲಿ, ಬರಹದಲ್ಲಿ ಉತ್ತರ ಸಿಗುವ ತನಕ ಸಹಿ ಹಾಕದಿರಲಿ.