ಎರೆಭೂಮಿಯ ಕಟ್ಟಡಗಳು: ತಳಪಾಯಕ್ಕೆ ದುರಸ್ತಿ ಅಗತ್ಯವೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ವರ್ತಕರಿಗೆ ಗೋಡೆಯ ಬಿರುಕು ಹೊಸ ಸಂಗತಿಯಲ್ಲ. ಬೇಸಿಗೆಯಲ್ಲಿ ಮನೆ, ಅಂಗಡಿ, ಗೋದಾಮುಗಳ ಗೋಡೆ ಬಿರಿಯುತ್ತದೆ. ಸಿಮೆಂಟು ತುಂಬಿ ಬಣ್ಣ ಬಳಿಯಲಾಗುತ್ತದೆ. ಮರುವರ್ಷ ಅದೇ ಸ್ಥಳದಲ್ಲಿ ಬಿರುಕು ಪುನಃ ತಲೆದೋರುತ್ತದೆ. ಕೆಲವರು ಅದನ್ನು ಅಪಾಯದ ಮಟ್ಟ ತಲುಪುವವರೆಗೂ ಕಡೆಗಣಿಸಿದರೆ, ಇನ್ನು ಕೆಲವರು ಗಾಬರಿಗೊಂಡು ಅನಗತ್ಯವಾಗಿ ತಳಪಾಯ ಅಗೆಸಿ ದುಡಿಯುವ ಬಂಡವಾಳವನ್ನು ಕಳೆದುಕೊಳ್ಳುತ್ತಾರೆ. ಎರಡೂ ನಷ್ಟದ ಬಾಬತ್ತುಗಳೇ.

ಮೂಲ ಕಾರಣ

ಬಸಾಲ್ಟ್ ಶಿಲೆ ಶಿಥಿಲಗೊಂಡು ಉಂಟಾದ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿರುತ್ತದೆ. ಅದು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದು ಇದರಿಂದಲೇ. ಕಟ್ಟಡದ ನಡುಭಾಗದ ಕೆಳಗಿನ ಮಣ್ಣು ತೇವ ಉಳಿಸಿಕೊಂಡರೆ, ಹೊರ ಅಂಚಿನ ಮಣ್ಣು ಒಣಗಿ ಕುಸಿಯುತ್ತದೆ, ಮೂಲೆಗಳು ಕೆಳಗಿಳಿಯುತ್ತವೆ. ಆದ್ದರಿಂದ ಇಲ್ಲಿನ ಬಹುಪಾಲು ಬಿರುಕುಗಳಿಗೆ ಭಾರಕ್ಕಿಂತ ನೀರಿನ ಏರಿಳಿತವೇ ಕಾರಣ. ಆಲಮಟ್ಟಿ ಹಾಗೂ ನಾರಾಯಣಪುರ ಜಲಾಶಯಗಳ ಕಾಲುವೆ ನೀರು ತಲುಪಿದ ಕಡೆಗಳಲ್ಲಿ ನೆಲದ ತೇವಾಂಶದ ಹಳೆಯ ಅಂದಾಜು ಬದಲಾಗಿರಬಹುದೆಂಬುದನ್ನೂ ಗಮನಿಸಬೇಕು.

ಬಿರುಕಿನ ಲಕ್ಷಣಗಳು

1. ಗಿಲಾವಿನ ಮೇಲಷ್ಟೇ ಕಾಣುವ, ಕೂದಲೆಳೆಯಂತಹ ಜಾಲಗೆರೆಗಳು ತಳಪಾಯಕ್ಕೆ ಸಂಬಂಧಿಸಿದವಲ್ಲ.

2. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವೆಡೆಯ ನೇರ ಗೆರೆ ಸಾಮಾನ್ಯವಾಗಿ ಎರಡು ವಸ್ತುಗಳ ಭಿನ್ನ ಹಿಗ್ಗು-ಕುಗ್ಗುಗಳ ಫಲ.

3. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನಂತೆ ಸಾಗುವ, ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ, ಗೋಡೆಯ ಎರಡೂ ಬದಿ ಕಾಣುವ ಬಿರುಕು ತಳಪಾಯದ ಚಲನೆಯನ್ನು ಸೂಚಿಸುತ್ತದೆ. ಬಾಗಿಲು ಬಿಗಿಯಾಗುವುದು, ನೆಲಕ್ಕೂ ಗೋಡೆಗೂ ನಡುವೆ ಸಂದು ಬಿಡುವುದು ಇದರ ಜೊತೆಗಿನ ಲಕ್ಷಣಗಳು.

ಅಗಲ 1 ಮಿ.ಮೀ.ಗಿಂತ ಕಡಿಮೆಯಿದ್ದರೆ ಚಿಂತೆಗೆ ಕಾರಣವಿಲ್ಲ. 5 ಮಿ.ಮೀ.ವರೆಗೆ ನಿಗಾ ಸಾಕು. ಅದನ್ನು ಮೀರಿದರೆ ಇಂಜಿನಿಯರರ ಪರಿಶೀಲನೆ ಅವಶ್ಯ. 15 ಮಿ.ಮೀ. ದಾಟಿದರೆ, ಗೋಡೆ ಉಬ್ಬಿ ವಾಲಿದರೆ ಅಥವಾ ತೊಲೆ ಆಸರೆಯಿಂದ ಜಾರಿದರೆ ಕಾಯದೆ ಜನರನ್ನು ಹೊರತಂದು ಆ ಭಾಗವನ್ನು ತೆರವುಗೊಳಿಸುವುದು ಕ್ಷೇಮ.

ವರ್ಷದ ಲೆಕ್ಕ

ಬಿರುಕಿನ ಗಾತ್ರಕ್ಕಿಂತ ಅದರ ನಡೆ ಮುಖ್ಯ. ಬಿರುಕಿನ ಎರಡೂ ಬದಿಗೆ ಗುರುತು ಮಾಡಿ, ತಿಂಗಳಿಗೊಮ್ಮೆ ನಡುವಿನ ಅಂತರ ಅಳೆದು, ಕಿರ್ದಿ ಬರೆಯುವಂತೆ ದಿನಾಂಕ ಸಹಿತ ದಾಖಲಿಸಬೇಕು. ಒಂದು ಯುಗಾದಿಯಿಂದ ಮತ್ತೊಂದು ಯುಗಾದಿಯವರೆಗಿನ ಅಳತೆಯಿಂದ ಮೂರರಲ್ಲಿ ಒಂದು ತಿಳಿಯುತ್ತದೆ: ಬದಲಾವಣೆಯೇ ಇಲ್ಲದಿದ್ದರೆ ಅದು ಹಳೆಯ ಕುಸಿತ, ತುಂಬಿದರೆ ಸಾಕು, ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿದರೆ ನೀರಿನ ನಿಯಂತ್ರಣ ಬೇಕು, ಎಲ್ಲ ಋತುವಿನಲ್ಲೂ ಒಂದೇ ಸಮನೆ ಬೆಳೆದರೆ ಮಾತ್ರ ತಳಪಾಯದ ದುರಸ್ತಿ ಪ್ರಶ್ನೆ ಏಳುತ್ತದೆ. ಬೇಸಿಗೆಯಲ್ಲಿ ಪೂರ್ಣ ತೆರೆದ ಬಿರುಕಿಗೆ ಗಟ್ಟಿ ಸಿಮೆಂಟು ತುಂಬಿದರೆ, ಮಳೆಗಾಲದಲ್ಲಿ ಅದು ಮುಚ್ಚಲಾರದೆ ಪಕ್ಕದಲ್ಲೇ ಹೊಸ ಬಿರುಕು ಮೂಡಬಹುದು. 2021 ಮತ್ತು 2022ರಲ್ಲಿ ಜಿಲ್ಲೆಯಲ್ಲಿ ಅನುಭವಕ್ಕೆ ಬಂದಂತಹ ಲಘು ಭೂಕಂಪನಗಳ ತರುವಾಯ ಹೊಸ ಹಾನಿಯನ್ನು ಹಳೆಯದರಿಂದ ಬೇರ್ಪಡಿಸಲೂ ಈ ದಾಖಲೆ ಉಪಯುಕ್ತ.

ಪರಿಹಾರ ಕ್ರಮ

ಮೊದಲು ಕಡಿಮೆ ವೆಚ್ಚದ ಕೆಲಸಗಳು: ಸೋರುವ ನಳ, ಬಚ್ಚಲು ನೀರಿನ ದುರಸ್ತಿ, ಕಟ್ಟಡದ ಸುತ್ತ ಹೊರಕ್ಕೆ ಇಳಿಜಾರಾದ, ಕನಿಷ್ಠ 1 ಮೀಟರು ಅಗಲದ ಕಾಂಕ್ರೀಟ್ ಹಾಸು, ಮಾಳಿಗೆ ನೀರನ್ನು ದೂರ ಸಾಗಿಸುವ ವ್ಯವಸ್ಥೆ. ಗೋಡೆಗೆ ಹತ್ತಿರವಿರುವ ದೊಡ್ಡ ಮರವು ಮಣ್ಣಿನ ತೇವ ಹೀರುತ್ತದೆ; ಆದರೆ ಅದನ್ನು ಏಕಾಏಕಿ ಕಡಿದರೆ ಒಣಗಿದ್ದ ಮಣ್ಣು ಮರಳಿ ಉಬ್ಬಬಹುದು. ತಳಪಾಯಕ್ಕೆ ಆಧಾರ ಕೊಡುವುದು ಅನಿವಾರ್ಯವಾದರೆ ಚಿಕ್ಕ ಚಿಕ್ಕ ತುಂಡುಗಳಲ್ಲಿ, ಇಂಜಿನಿಯರರ ಉಸ್ತುವಾರಿಯಲ್ಲಿ ಅಗೆಯಬೇಕು. ಇಡೀ ಬದಿಯನ್ನು ಒಮ್ಮೆಲೇ ತೆರೆಯಕೂಡದು.

ಹೊಸದಾಗಿ ಕಟ್ಟುವವರು ಮೊದಲೇ ಮಣ್ಣಿನ ಉಬ್ಬುವಿಕೆಯ ಪರೀಕ್ಷೆ ಮಾಡಿಸುವುದು ಲೇಸು. ಗರಸು ಸಮೀಪ ಸಿಕ್ಕರೆ ಅಲ್ಲಿಯವರೆಗೆ ಪಾಯ ಇಳಿಸಬಹುದು. ಎರೆ ಆಳವಾಗಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್‌ಗಳು ಸೂಕ್ತ. ಇವು ಋತುಮಾನದ ತೇವ ಬದಲಾವಣೆ ಹೆಚ್ಚು ತಟ್ಟದ, ಸುಮಾರು 3.5 ಮೀಟರು ಆಳದ ಮಣ್ಣಿನ ಮೇಲೆ ನಿಲ್ಲುತ್ತವೆ.

ಲಕ್ಷಾಂತರ ರೂಪಾಯಿಗಳ ದಾಸ್ತಾನು ಕಾಯುವ ಗೋಡೆಗೂ ಒಂದು ಲೆಕ್ಕಪುಸ್ತಕ ಇಡುವುದು ವರ್ತಕರಿಗೆ ಅಪರಿಚಿತ ಕಲೆಯೇನಲ್ಲ. ವರ್ಷದ ಅಳತೆ ಕೈಯಲ್ಲಿದ್ದರೆ, ದುರಸ್ತಿಗೆ ಹಣ ಹಾಕಬೇಕೇ ಬೇಡವೇ ಎಂಬ ನಿರ್ಧಾರ ಊಹೆಯ ಮೇಲೆ ನಿಲ್ಲುವುದಿಲ್ಲ.