ಸ್ಟೇಟಸ್ ಹಾಕಿದ್ದಾಯ್ತು, ಸಂಕ?

ಆಸಾಡಿ ಅಮಾಸಿ ಬಂತೆಂದರೆ ಶಿರೂರಿನಿಂದ ಬ್ರಹ್ಮಾವರದವರೆಗೆ ಮೊಬೈಲುಗಳಿಗೆಲ್ಲ ಕುಂದಾಪ್ರ ಕನ್ನಡದ ನಾಲಗೆ ಬರುತ್ತದೆ. 2019ರಲ್ಲಿ ಶುರುವಾದ ‘ವಿಶ್ವ ಕುಂದಾಪ್ರ ಕನ್ನಡ ದಿನ’ವನ್ನು ಊರಿಗೆ ಸಾರಿದ್ದು ಹೆಚ್ಚಾಗಿ ಫೇಸ್‌ಬುಕ್ಕು, ವಾಟ್ಸ್ಯಾಪು. ಮರವಂತೆಯಲ್ಲಿ ಹೊಸ ಮದುಮಕ್ಕಳು ಕಡಲಿಗಿಳಿದು ಮೀಯುವ ಜಾತ್ರೆಯ ದಿನವನ್ನೇ ಆರಿಸಿಕೊಂಡದ್ದು ಜಾಣತನ. ನಟ್ಟಿ ಮುಗಿದಿರುತ್ತದೆ, ಹೊರಗೆ ಮಳೆ, ಕೈಯಲ್ಲಿ ಒಂದಿಷ್ಟು ಬಿಡುವು.

ಈ ದಿನಾಚರಣೆಯಿಂದ ಏನಾದರೂ ಬದಲಾಯಿತೇ ಎಂದು ಕೇಳಿದರೆ, ಹೌದು, ಆಯಿತು. ಬೆಂಗಳೂರಿನ ಬಸ್ಸಿನಲ್ಲಿ ಮನೆಗೆ ಫೋನು ಮಾಡುವಾಗ ದನಿ ತಗ್ಗಿಸುತ್ತಿದ್ದವರು ಈಗ ಅದೇ ಮಾತಿನಲ್ಲಿ ರೀಲ್ಸ್ ಮಾಡುತ್ತಾರೆ. ಬೆಂಗಳೂರಿನಲ್ಲೇ ಕುಂದಾಪ್ರ ಕನ್ನಡದ ಹಬ್ಬ ನಡೆಯುತ್ತದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಪೀಠ ಬಂದಿದೆ. ಆದರೆ ಬೀಜ ಬಿದ್ದದ್ದು ಹದವಾದ ಗದ್ದೆಗೆ. ವೈದೇಹಿಯವರ ಕಥೆಗಳಲ್ಲಿ ಈ ಮಾತು ಎಂದೋ ತಲೆಯೆತ್ತಿ ನಡೆದಿತ್ತು. ಮುಂಬಯಿಯಲ್ಲಿದ್ದ ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿಯವರು ಸಂಗಡಿಗರೊಂದಿಗೆ ವರ್ಷಗಟ್ಟಲೆ ಪದ ಹೆಕ್ಕಿ ಕುಂದಾಪ್ರ ಕನ್ನಡ ನಿಘಂಟು ತಂದರು. ಆ ಕೆಲಸಕ್ಕೆ ದಿನದಿನವೂ ಲೈಕು ಒತ್ತುವವರು ಯಾರೂ ಇರಲಿಲ್ಲ.

2022ರಲ್ಲಿ ಕುಂದಾಪ್ರ ಕನ್ನಡ ದಿನ ಬಂದದ್ದು ಜುಲೈ 28ಕ್ಕೆ. ಹನ್ನೊಂದು ದಿನ ಕಳೆದು, ಆಗಸ್ಟ್ 8ರಂದು, ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಹೋಗುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆ ವಾರ ಎಲ್ಲ ಗ್ರೂಪುಗಳಲ್ಲೂ ಅದೇ ಮಗುವಿನ ಚಿತ್ರ, ಅದೇ ಸಂಕದ ವಿಡಿಯೊ, ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು.

ಜಾಗೃತಿ ಮೂಡಿಸಬೇಕು ಎಂದು ಆಗ ಬರೆದವರು ಬಹಳ. ಯಾರಲ್ಲಿ ಮೂಡಿಸುವುದು ಮಾರಾಯ್ರೆ? ಮಳೆಗಾಲವಿಡೀ ಮಕ್ಕಳ ಕೈಹಿಡಿದು ತೋಡು ದಾಟಿಸುವ ಅಬ್ಬೆಯಂದಿರಿಗೆ ಆ ಭಯ ಗೊತ್ತಿಲ್ಲವೇ? ಸಂಕಕ್ಕೆ ಬೇಕಾದದ್ದು ಬೇರೆ: ಎಂಜಿನಿಯರರ ಅಂದಾಜುಪಟ್ಟಿ, ಎರಡೂ ದಡದ ತೋಟದವರ ಒಪ್ಪಿಗೆ, ಕಾಡಿನ ಅಂಚಾದರೆ ಅರಣ್ಯ ಇಲಾಖೆಯ ಅನುಮತಿ, ಆಮೇಲೆ ಹಣ. ಇದರಲ್ಲಿ ಯಾವುದೂ ಶೇರ್ ಮಾಡಿದರೆ ಸಿಗುವಂಥದ್ದಲ್ಲ. ಚಿತ್ರ ಹರಿದಾಡಿದಾಗ ಮಂತ್ರಿಗಳು ಬರುತ್ತಾರೆ, ಅಧಿಕಾರಿಗಳು ಓಡಾಡುತ್ತಾರೆ. ಅಷ್ಟರಮಟ್ಟಿಗೆ ಅದಕ್ಕೆ ಬಲವಿದೆ, ಅಲ್ಲಗಳೆಯಲಾರೆ. ಚೌತಿ ಬರುವಷ್ಟರಲ್ಲಿ ಜನ ಇನ್ನೊಂದು ವಿಡಿಯೊ ನೋಡುತ್ತಿರುತ್ತಾರೆ. ಕಡತ ಮಾತ್ರ ಇದ್ದಲ್ಲೇ ಇರುತ್ತದೆ.

ನನ್ನ ಲೆಕ್ಕ ಇಷ್ಟೇ. ಬದಲಾಗಬೇಕಾದದ್ದು ನಮ್ಮದೇ ಹಿಂಜರಿಕೆಯಾದರೆ ಮೊಬೈಲು ಸಾಕು, ಭಾಷೆಯ ವಿಷಯದಲ್ಲಿ ಅದು ಗೆದ್ದದ್ದು ಹಾಗೆ. ಬದಲಾಗಬೇಕಾದದ್ದು ಇನ್ನೊಬ್ಬರ ಮೇಜಿನ ಮೇಲಿದ್ದರೆ ಕಾಲು ಸವೆಸುವವರು ಬೇಕು. ಸ್ಟೇಟಸ್ಸಿನ ದೊಡ್ಡ ತೊಂದರೆ ಏನೆಂದರೆ, ಮಾಡದ ಕೆಲಸವನ್ನೂ ಅದು ಮಾಡಿದಂತೆ ಅನ್ನಿಸಿಬಿಡುತ್ತದೆ.

ಕರ್ನಾಟಕದ ಪಂಚಾಯತ್ ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಬರುವ ಆಸಾಡಿಗೆ ಸ್ಟೇಟಸ್ ಹಾಕಿ, ಬೇಡ ಎನ್ನುವುದಿಲ್ಲ. ಜೊತೆಗೆ ನಿಮ್ಮೂರಿನ ಸಂಕದ ಫೋಟೊ ತೆಗೆದು, ಅರ್ಜಿಗೆ ಅಂಟಿಸಿ ಗ್ರಾಮಸಭೆಗೆ ಕೊಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಸ್ವೀಕೃತಿ ಪಡೆದೇ ಮನೆಗೆ ಬನ್ನಿ.